ತಿಳಿಯ ಲೆಕ್ಕ: ಮನೆಬಳಕೆಯ ಸೋಂಕು ನಿವಾರಕ ಮಾಡಲು ಶಾಲಾ ಮಕ್ಕಳಿಗೆ ಕಲಿಸುವ ಬಗೆ

ಮಳೆಗಾಲದ ಶಾಲೆಯ ವಾಸನೆ ಕರಾವಳಿಯವರಿಗೆಲ್ಲ ಗೊತ್ತು. ಒದ್ದೆ ಕೊಡೆಗಳು, ಒಣಗದ ಯೂನಿಫಾರ್ಮ್, ಗೋಡೆಯ ಬುಡದ ಪಾಚಿ, ಶೌಚಾಲಯದ ಕಡೆಯಿಂದ ತೇಲಿಬರುವ ಫಿನೈಲ್. ಫಿನೈಲ್ ವಾಸನೆ ಬಂತೆಂದರೆ ಜಾಗ ಶುದ್ಧವಾಯಿತು ಎಂದು ದೊಡ್ಡವರೂ ನಂಬುತ್ತಾರೆ, ಅವರನ್ನು ನೋಡಿ ಮಕ್ಕಳೂ ನಂಬುತ್ತಾರೆ. ಉಡುಪಿ, ಮಂಗಳೂರು ಕಡೆಯ ಶಾಲೆಗಳಲ್ಲಿ ಈ ಪಾಠ ಶುರುಮಾಡುವಾಗ ಮೊದಲು ಬಿಡಿಸಬೇಕಾದ ಗಂಟು ಇದೇ. ಕೊಳೆಯ ಮೇಲೆ ಎಷ್ಟು ಘಾಟಿನ ದ್ರಾವಣ ಸುರಿದರೂ ಅದು ಸೋಂಕು ನಿವಾರಣೆ ಆಗುವುದಿಲ್ಲ. ಮೊದಲು ತೊಳೆಯಬೇಕು, ಆಮೇಲೆ ಸರಿಯಾಗಿ ತೂಗಿ ಮಾಡಿದ ದ್ರಾವಣ ಹಾಕಬೇಕು, ಅದು ಅಂದೇ ಮಾಡಿದ್ದಾಗಿರಬೇಕು. ಈ ಮೂರು ಮಾತಿನ ಹಿಂದಿನ ಕಾರಣ ಮಗುವಿಗೆ ತಿಳಿದರೆ ಪಾಠ ಮುಗಿದಂತೆ.

ಇಲ್ಲಿ ವಿವರಿಸಿರುವುದು ಬ್ಲೀಚಿಂಗ್ ಪೌಡರ್ ದ್ರಾವಣ, ಅಂದರೆ ಪುಡಿಯನ್ನು ನೀರಿಗೆ ಕಲಸಿ, ಮಡ್ಡಿ ತಳಕ್ಕಿಳಿದಾಗ ಮೇಲೆ ನಿಲ್ಲುವ ‘ತಿಳಿ’. ನಿಂಬೆ ಸಿಪ್ಪೆ, ಬೇವಿನ ಎಲೆ ನೆನೆಸಿ ನೆಲ ಒರೆಸುವ ನೀರು ಮಾಡಿಸುವ ಶಾಲೆಗಳೂ ಇವೆ. ಅದು ಒಳ್ಳೆಯ ಚಟುವಟಿಕೆ, ವಾಸನೆಯೂ ಹಿತ. ಆದರೆ ವಾಂತಿ–ಭೇದಿ ತರುವ ವೈರಸ್ಸನ್ನೋ ಕಾಮಾಲೆ ಹರಡುವ ವೈರಸ್ಸನ್ನೋ ಕೊಲ್ಲಲು ಅದನ್ನು ನೆಚ್ಚುವಂತಿಲ್ಲ. ಬ್ಲೀಚಿಂಗ್ ಪೌಡರ್ ಅಗ್ಗ, ಪೇಟೆಯಲ್ಲಿ ಸುಲಭವಾಗಿ ಸಿಗುತ್ತದೆ. 10ನೇ ತರಗತಿಯ ವಿಜ್ಞಾನದಲ್ಲಿ ಆಮ್ಲ, ಪ್ರತ್ಯಾಮ್ಲ, ಲವಣಗಳ ಪಾಠದಲ್ಲಿ ಅದರ ತಯಾರಿಕೆಯೂ ಬರುತ್ತದೆ: ಅರಳಿದ ಸುಣ್ಣದ ಮೇಲೆ ಕ್ಲೋರಿನ್ ಹಾಯಿಸಿದರೆ ಸಿಗುವ ಪುಡಿ ಇದು. 1799ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಟೆನಂಟ್ ಇದಕ್ಕೆ ಪೇಟೆಂಟ್ ಪಡೆದದ್ದು ಬಟ್ಟೆ ಬಿಳುಪು ಮಾಡಲಿಕ್ಕೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಎಂಬ ವೈದ್ಯರು ಇದೇ ಜಾತಿಯ ದ್ರಾವಣದಲ್ಲಿ ಕೈ ತೊಳೆಸಿದಾಗ ಬಾಣಂತಿಯರ ಸಾವು ಥಟ್ಟನೆ ಇಳಿಯಿತು. ಅವರು ಇದನ್ನು ಆರಿಸಿದ್ದು ಶವದ ವಾಸನೆ ಹೋಗಲಾಡಿಸುತ್ತದೆ ಎಂಬ ಕಾರಣಕ್ಕೆ. ರೋಗಾಣುಗಳ ವಿಚಾರ ಆಗಿನ್ನೂ ವೈದ್ಯರಿಗೇ ತಿಳಿದಿರಲಿಲ್ಲ. ಮಕ್ಕಳಿಗೆ ಈ ಕಥೆ ಹೇಳಿ. ವಾಸನೆಯ ಗಂಟು ಬಿಡಿಸಲು ಅದೇ ಒಳ್ಳೆಯ ದಾರಿ.

ಯಾರಿಂದ ಏನು ಮಾಡಿಸಬೇಕು

ಒಣ ಪುಡಿಯನ್ನು ಮುಟ್ಟುವುದು, ತೂಗುವುದು, ನೀರಿಗೆ ಸೇರಿಸುವುದು ದೊಡ್ಡವರ ಕೆಲಸ. 9 ಮತ್ತು 10ನೇ ತರಗತಿಯವರು ಶಿಕ್ಷಕರು ಪಕ್ಕದಲ್ಲೇ ನಿಂತಿರುವಾಗ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಇಬ್ಬಿಬ್ಬರಾಗಿ ಉಳಿದ ಹಂತಗಳನ್ನು ಮಾಡಬಹುದು. 6ರಿಂದ 8ರವರಿಗೆ ಲೆಕ್ಕ ಮಾಡುವುದು, ಬಾಲ್ದಿಗೆ ಗುರುತು ಹಾಕುವುದು, ಲೇಬಲ್ ಬರೆಯುವುದು, ಶಾಯಿಯ ಪ್ರಯೋಗವನ್ನು ನೋಡಿ ಬರೆದುಕೊಳ್ಳುವುದು. ಅವರಿಗಿಂತ ಚಿಕ್ಕವರಿಗೆ ಸಾಬೂನಿನಿಂದ ಕೈ ತೊಳೆಯುವ ಪಾಠವೇ ಸಾಕು. ಉಬ್ಬಸ ಇರುವ ಮಗುವನ್ನು ಯಾವ ತರಗತಿಯಲ್ಲಿದ್ದರೂ ಪುಡಿಯ ಹತ್ತಿರ ಕರೆಯಬೇಡಿ. ಆ ಮಗುವಿಗೆ ಲೆಕ್ಕದ ಪುಸ್ತಕ ಕೊಡಿ. ಅದೇ ಈ ಕೆಲಸದ ಮುಖ್ಯ ಹುದ್ದೆ ಎಂದು ಎಲ್ಲರೆದುರು ಹೇಳಿ, ಯಾಕೆಂದರೆ ಅದು ನಿಜ.

ಶಾಲೆಯ ಶೌಚಾಲಯ ತೊಳೆಯುವ ಕೆಲಸಕ್ಕೆ ಮಕ್ಕಳನ್ನು ಹಚ್ಚಲು ಈ ಪಾಠ ನೆಪವಾಗಬಾರದು. ಮಕ್ಕಳು ಕಲಿಯಬೇಕಾದದ್ದು ದ್ರಾವಣ ಮಾಡುವುದನ್ನು. ಅದನ್ನು ಶೌಚಾಲಯಕ್ಕೆ ಹಾಕುವುದು ಆ ಕೆಲಸಕ್ಕೆ ನೇಮಕವಾದ ದೊಡ್ಡವರು.

ಪುಡಿ: ಕರಾವಳಿಯಲ್ಲಿ ಎಲ್ಲ ಕೆಡುವುದು ಇಲ್ಲೇ

ಹೊಸದಾಗಿ ತಯಾರಾದ ಒಳ್ಳೆಯ ಬ್ಲೀಚಿಂಗ್ ಪೌಡರ್‌ನ ತೂಕದಲ್ಲಿ ಸುಮಾರು ಶೇ. 33ರಷ್ಟು ಕೆಲಸಕ್ಕೆ ಬರುವ ಕ್ಲೋರಿನ್ ಇರುತ್ತದೆ. ಇದಕ್ಕೆ ‘ಲಭ್ಯ ಕ್ಲೋರಿನ್’ ಎನ್ನುತ್ತಾರೆ. ತೇವ, ಶಾಖ, ಬೆಳಕು, ಗಾಳಿಯ ಇಂಗಾಲದ ಡೈಆಕ್ಸೈಡ್, ಈ ನಾಲ್ಕೂ ಅದನ್ನು ತಿನ್ನುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಹಪ್ಪಳವೇ ಗರಿಗರಿಯಾಗಿ ಉಳಿಯುವುದಿಲ್ಲ. ಬಾಯಿ ಬಿಚ್ಚಿದ ಬ್ಲೀಚಿಂಗ್ ಪೌಡರ್ ಉಳಿದೀತೇ? ಪ್ಲಾಸ್ಟಿಕ್ ತೊಟ್ಟೆಯನ್ನು ರಬ್ಬರ್ ಬ್ಯಾಂಡಿನಲ್ಲಿ ಸುತ್ತಿ ಬಚ್ಚಲಿನ ಮೂಲೆಯಲ್ಲಿಟ್ಟರೆ ಕೆಲವು ವಾರಗಳಲ್ಲಿ ಉಳಿಯುವುದು ಬಹುಪಾಲು ಸುಣ್ಣ. ನೋಡಲು ಬೆಳ್ಳಗೇ ಇರುತ್ತದೆ, ನೀರಿಗೆ ಹಾಕಿದರೆ ಹಾಲಿನಂತೆಯೂ ಆಗುತ್ತದೆ. ಕೊಲ್ಲುವ ಶಕ್ತಿ ಮಾತ್ರ ಇರುವುದಿಲ್ಲ.

ಆದ್ದರಿಂದ ದೊಡ್ಡ ಚೀಲ ತರುವ ಬದಲು ಅರ್ಧ ಅಥವಾ ಒಂದು ಕಿಲೋದ ಮೊಹರಾದ ಪ್ಯಾಕೆಟ್ ತನ್ನಿ. ತಯಾರಿಕೆಯ ತಿಂಗಳು ನೋಡಿ. ಸಡಿಲವಾಗಿ ತೂಗಿ ಕೊಡುವ ಪುಡಿ ಬೇಡ. ತಂದ ಕೂಡಲೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಅಥವಾ ಗಾಜಿನ ಡಬ್ಬಕ್ಕೆ ತುಂಬಿ, ಹೊರಗೆ ತಂದ ದಿನ ಬರೆದು, ಕತ್ತಲೆಯ ತಂಪು ಕಪಾಟಿನಲ್ಲಿ ಬೀಗ ಹಾಕಿಡಿ. ತಗಡಿನ ಡಬ್ಬ ಬೇಡ, ತುಕ್ಕು ಹಿಡಿದು ತೂತಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲ್, ಗೊಬ್ಬರ, ಆ್ಯಸಿಡ್ ಇರುವ ಕಪಾಟಿನಲ್ಲಂತೂ ಬೇಡವೇ ಬೇಡ. ಒಳಗೆ ಹಾಕುವ ಚಮಚ ಒಣಗಿರಬೇಕು.

ಉಂಡೆಗಟ್ಟಿದ, ಮುದ್ದೆಯಾದ, ಮುಚ್ಚಳ ತೆಗೆದಾಗ ಘಾಟು ಬಾರದ ಪುಡಿಯನ್ನು ‘ಎರಡು ಚಮಚ ಜಾಸ್ತಿ ಹಾಕಿದರಾಯಿತು’ ಎಂದು ಬಳಸಬೇಡಿ. ಎಷ್ಟು ಜಾಸ್ತಿ ಎಂಬುದಕ್ಕೆ ಲೆಕ್ಕವೇ ಇರುವುದಿಲ್ಲ. ಘಾಟು ನೋಡಲು ಡಬ್ಬಕ್ಕೆ ಮೂಗು ಹಾಕುವುದೂ ಬೇಡ. ಮುಚ್ಚಳ ತೆಗೆದಾಗ ನಿಂತಲ್ಲಿಗೇ ಬರುತ್ತದೆ.

ಈಜುಕೊಳಕ್ಕೆಂದು ಮಾರುವ ಹರಳುಗಳಲ್ಲಿ ಲಭ್ಯ ಕ್ಲೋರಿನ್ ಶೇ. 65ರಿಂದ 70ರವರೆಗೆ ಇರುತ್ತದೆ. ಹೆಸರು ಒಂದೇ ತರಹ ಕೇಳಿಸಿದರೂ ಅದು ದುಪ್ಪಟ್ಟು ಖಾರದ ವಸ್ತು, ಎಣ್ಣೆ–ಕಾಗದ ತಾಗಿದರೆ ಹೊತ್ತಿಕೊಳ್ಳಲೂಬಹುದು. ಶಾಲೆಗೆ ಅದನ್ನು ತರಬೇಡಿ.

ಶೇಕಡಾ ಲೆಕ್ಕ

7ನೇ ತರಗತಿಯ ಶೇಕಡಾ ಪಾಠ ಇಲ್ಲಿ ಅನ್ನಕ್ಕೆ ಬರುತ್ತದೆ. ಒಂದು ಲೀಟರ್ ನೀರಿನ ತೂಕ 1,000 ಗ್ರಾಂ. ಅದರಲ್ಲಿ 1 ಗ್ರಾಂ ಲಭ್ಯ ಕ್ಲೋರಿನ್ ಇದ್ದರೆ ಅದು ಶೇ. 0.1ರ ದ್ರಾವಣ. ನೆಲ, ಶೌಚಾಲಯ, ಬಾಗಿಲ ಹಿಡಿಗಳಿಗೆ ಇಷ್ಟು ಸಾಕು. ವಾಂತಿ, ಭೇದಿ, ರಕ್ತ ಬಿದ್ದ ಜಾಗಕ್ಕೆ ಇದರ ಐದು ಪಟ್ಟು, ಎಂದರೆ ಶೇ. 0.5 ಬೇಕು.

ಬೋರ್ಡಿನ ಮೇಲೆ ಈ ಸೂತ್ರ ಬರೆಯಿರಿ:

ಬೇಕಾದ ಪುಡಿ (ಗ್ರಾಂ) = ಲೀಟರ್ × ಬೇಕಾದ ಶೇಕಡಾ × 1,000 ÷ ಪುಡಿಯ ಶೇಕಡಾ

ಆಗಷ್ಟೇ ಒಡೆದ ಹೊಸ ಪ್ಯಾಕೆಟ್ ಶೇ. 33 ಎಂದಿಟ್ಟುಕೊಂಡರೆ 10 ಲೀಟರಿಗೆ 10 × 0.1 × 1,000 ÷ 33, ಅಂದರೆ ಸುಮಾರು 30 ಗ್ರಾಂ. ಒಡೆದು ಕೆಲವು ದಿನವಾದ, ಆದರೆ ಇನ್ನೂ ಉದುರಾಗಿರುವ ಪುಡಿಯನ್ನು ಶೇ. 25 ಎಂದು ಹಿಡಿಯಿರಿ. ಆಗ 40 ಗ್ರಾಂ. ಮಳೆಗಾಲದಲ್ಲಿ ನಮ್ಮ ಸಲಹೆ ಯಾವಾಗಲೂ 25ರ ಲೆಕ್ಕವೇ. ಇದೇ ಪುಡಿಯಿಂದ ಶೇ. 0.5ರ ಒಂದು ಲೀಟರ್ ಮಾಡಲು 20 ಗ್ರಾಂ ಬೇಕು. ಈ ಗಟ್ಟಿ ದ್ರಾವಣವನ್ನು ಒಂದು ಲೀಟರಿಗಿಂತ ಹೆಚ್ಚು ಒಮ್ಮೆಗೆ ಮಾಡುವ ಅಗತ್ಯ ಶಾಲೆಯಲ್ಲಿ ಬರುವುದಿಲ್ಲ.

ಅಂದಾಜು ಬೇಡ, ಗೊತ್ತಾಗಲೇಬೇಕು ಎನ್ನುವ ಶಾಲೆಯಲ್ಲಿ, ಜೊತೆಗೆ ಪಿಯು ಕಾಲೇಜಿನ ಪ್ರಯೋಗಶಾಲೆ ಇದ್ದರೆ, ಶಿಕ್ಷಕರು ಪುಡಿಯ ಬಲ ಅಳೆದು ತೋರಿಸಬಹುದು. 5 ಗ್ರಾಂ ಪುಡಿಯನ್ನು ಅರೆದು ಅರ್ಧ ಲೀಟರ್ ನೀರಿಗೆ ಸೇರಿಸಿ. ಇಲ್ಲಿ ತಿಳಿ ಮಾತ್ರ ತೆಗೆಯಬಾರದು. ಚೆನ್ನಾಗಿ ಕಲಕಿ, ಮಡ್ಡಿ ಇಳಿಯುವ ಮೊದಲೇ 10 ಮಿಲಿ ಪಿಪೆಟ್ಟಿನಲ್ಲಿ ತೆಗೆಯಿರಿ. ತೆಗೆದ ಆ 10 ಮಿಲಿಯೊಳಗೆ ಮೊದಲು ಸುಮಾರು 1 ಗ್ರಾಂ ಪೊಟ್ಯಾಸಿಯಂ ಅಯೊಡೈಡ್, ಆಮೇಲೆ ಸ್ವಲ್ಪ ದುರ್ಬಲ ಅಸಿಟಿಕ್ ಆಮ್ಲ ಹಾಕಿ. ಕ್ರಮ ತಪ್ಪಬಾರದು, ಆಮ್ಲ ಮೊದಲು ಹಾಕಿದರೆ ಕ್ಲೋರಿನ್ ಅನಿಲವಾಗಿ ಹಾರಿಹೋಗುತ್ತದೆ. ಹೊರಬಂದ ಅಯೊಡಿನ್ನನ್ನು 0.1 ನಾರ್ಮಲ್ ಸೋಡಿಯಂ ಥಯೊಸಲ್ಫೇಟ್‌ನಿಂದ (ಲೀಟರಿಗೆ 24.8 ಗ್ರಾಂ ಹರಳು) ಟೈಟ್ರೇಟ್ ಮಾಡಿ, ಬಣ್ಣ ತೆಳು ಹಳದಿಗೆ ಇಳಿದಾಗ ಪಿಷ್ಟದ ದ್ರಾವಣ ಹಾಕಿ, ನೀಲಿ ಮಾಯವಾಗುವವರೆಗೆ ಮುಂದುವರಿಸಿ. ಬ್ಯುರೆಟ್ಟಿನಲ್ಲಿ ಇಳಿದ ಪ್ರತಿ ಮಿಲಿಗೆ ಶೇ. 3.55 ಎಂದು ಗುಣಿಸಿ. 9.3 ಮಿಲಿ ಬಂದರೆ ಪುಡಿ ಶೇ. 33, 7 ಮಿಲಿ ಬಂದರೆ ಸುಮಾರು 25, 4 ಮಿಲಿ ಬಂದರೆ ಹೊಸ ಪ್ಯಾಕೆಟ್ ತರಿಸಿ.

ಹೆಸರಿನ ಒಂದು ಗೊಂದಲವನ್ನು ಇಲ್ಲೇ ಬಿಡಿಸಿಬಿಡಬೇಕು. ಅಂಗಡಿಯಲ್ಲಿ ‘ಹೈಪೋ’ ಎಂದು ಕೇಳಿದರೆ ಸೋಡಿಯಂ ಹೈಪೋಕ್ಲೋರೈಟ್ ದ್ರವ ಕೊಡುತ್ತಾರೆ. ಪ್ರಯೋಗಶಾಲೆಯ ಕಪಾಟಿನ ‘ಹೈಪೋ’ ಎಂದರೆ ಸೋಡಿಯಂ ಥಯೊಸಲ್ಫೇಟ್. ಎರಡೂ ಒಂದಕ್ಕೊಂದು ವಿರೋಧಿ; ಎರಡನೆಯದು ಕ್ಲೋರಿನ್ನನ್ನೇ ನಾಶಮಾಡುತ್ತದೆ. ಅದನ್ನು ನೆಲಕ್ಕೆ ಹಾಕಿದರೆ ಏನೂ ಸಾಯುವುದಿಲ್ಲ. ಪುಡಿಯ ಬದಲು ದ್ರವ ಬಳಸುವವರು ಬಾಟಲಿಯ ಮೇಲಿನ ಶೇಕಡಾ ಓದಿಕೊಳ್ಳಿ. ಶೇ. 5 ಎಂದಿದ್ದರೆ 20 ಮಿಲಿ ದ್ರವಕ್ಕೆ ನೀರು ಸೇರಿಸಿ ಒಟ್ಟು ಒಂದು ಲೀಟರ್ ಮಾಡಿದರೆ ಶೇ. 0.1.

ಅಳತೆಯ ಸಾಮಾನು

ಎರಡು ಪ್ಲಾಸ್ಟಿಕ್ ಬಾಲ್ದಿ, ಒಂದು ಪ್ಲಾಸ್ಟಿಕ್ ಚೆಂಬು, ಮರದ ಕೋಲು, ರಬ್ಬರ್ ಕೈಗವಸು, ಕಣ್ಣಿಗೆ ಬದಿ ಮುಚ್ಚುವ ಕನ್ನಡಕ, ಮಾಸ್ಕ್, ಹಳೆಯ ಬಿಳಿ ಪಂಚೆಯ ತುಂಡು, ಅಡುಗೆಮನೆಯ ಡಿಜಿಟಲ್ ತಕ್ಕಡಿ. ಬಾಲ್ದಿಗೆ ಗುರುತು ಹಾಕಲು ಒಂದು ಲೀಟರಿನ ಬಾಟಲಿಯಿಂದ ಹತ್ತು ಸಲ ನೀರು ಸುರಿದು, ಮಟ್ಟ ನಿಂತಲ್ಲಿ ಪರ್ಮನೆಂಟ್ ಮಾರ್ಕರಿನಿಂದ ಗೆರೆ ಎಳೆಯಿರಿ. ‘ಒಂದು ಬಾಲ್ದಿ ನೀರು’ ಎಂಬುದು ಒಂದು ಮನೆಯಲ್ಲಿ 12 ಲೀಟರ್, ಪಕ್ಕದ ಮನೆಯಲ್ಲಿ 20. ಚಮಚದ್ದೂ ಅದೇ ಕಥೆ. ದೊಡ್ಡವರು ಕೈಗವಸು ಹಾಕಿ, ಒಣ ಪ್ಲಾಸ್ಟಿಕ್ ಚಮಚದಿಂದ ತಲೆ ಸವರಿದ ಹತ್ತು ಚಮಚ ಪುಡಿಯನ್ನು ತೂಗಿ ಹತ್ತರಿಂದ ಭಾಗಿಸಲಿ. ಬಂದ ಸಂಖ್ಯೆಯನ್ನು ಆ ಚಮಚದ ಹಿಡಿಯ ಮೇಲೆಯೇ ಬರೆದು, ದಾರ ಕಟ್ಟಿ ಡಬ್ಬಕ್ಕೆ ನೇತುಹಾಕಿ. ಅದು ಇನ್ನು ಬೇರೆ ಯಾವ ಕೆಲಸಕ್ಕೂ ಹೋಗಬಾರದು.

ಕಲಸುವ ಕ್ರಮ

ತರಗತಿ ಕೋಣೆಯೊಳಗೆ ಬೇಡ. ಜಗಲಿಯಲ್ಲಿ, ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತುಕೊಳ್ಳಿ. ನೋಡುವ ಮಕ್ಕಳು ಗಾಳಿಯ ಎದುರು ದಿಕ್ಕಿನಲ್ಲಿ ಕೂರಬಾರದು. ಅವರೂ ಬೆನ್ನ ಹಿಂದೆಯೇ, ನಾಲ್ಕು ಹೆಜ್ಜೆ ದೂರ. ಪಕ್ಕದಲ್ಲಿ ಒಂದು ಬಾಲ್ದಿ ಬರೀ ನೀರು ತುಂಬಿಡಿ, ಯಾರಿಗಾದರೂ ಸಿಡಿದರೆ ಹುಡುಕುತ್ತ ಓಡುವಂತಾಗಬಾರದು.

1. ಮೊದಲ ಬಾಲ್ದಿಗೆ ಗೆರೆಯವರೆಗೆ, ಅಂದರೆ 10 ಲೀಟರ್, ತಣ್ಣೀರು ತುಂಬಿ. ಬಿಸಿನೀರಿನ ಹಂಡೆಯಿಂದ ತರಬೇಡಿ. ಬಿಸಿ ತಾಗಿದರೆ ಕ್ಲೋರಿನ್ ಬೇಗ ನಾಶವಾಗುತ್ತದೆ, ಘಾಟೂ ಜಾಸ್ತಿ.

2. 40 ಗ್ರಾಂ ಪುಡಿಯನ್ನು ಚೆಂಬಿಗೆ ಹಾಕಿ, ಬಾಲ್ದಿಯಿಂದ ತೆಗೆದ ಸ್ವಲ್ಪ ನೀರಿನಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ. ಗಂಟುಗಳನ್ನು ಕೋಲಿನಿಂದ ಒತ್ತಿ ಒಡೆಯಿರಿ. ನೇರವಾಗಿ ಬಾಲ್ದಿಗೆ ಸುರಿದರೆ ಗಂಟು ತಳಕ್ಕೆ ಹೋಗಿ ಒಳಗೆ ಒಣಗಿಯೇ ಉಳಿಯುತ್ತದೆ, ಮೇಲಿನ ನೀರು ಸಪ್ಪೆಯಾಗುತ್ತದೆ.

3. ಆ ಹಿಟ್ಟನ್ನು ಬಾಲ್ದಿಗೆ ನಿಧಾನವಾಗಿ ಇಳಿಸಿ, ಚೆಂಬನ್ನು ಅದೇ ನೀರಿನಲ್ಲಿ ತೊಳೆದು ಸುರಿದು, ಎರಡು ನಿಮಿಷ ಕೋಲಿನಿಂದ ತಿರುವಿ. ಮುಚ್ಚಿ 20 ನಿಮಿಷ ಬಿಡಿ.

4. ಮೇಲೆ ತಿಳಿ ನಿಂತು, ಕೆಳಗೆ ಸುಣ್ಣದ ಮಡ್ಡಿ ಕೂರುತ್ತದೆ. ತಿಳಿಯನ್ನು ಮಾತ್ರ, ಅಲುಗಾಡಿಸದೆ, ಬಟ್ಟೆಯ ಮೂಲಕ ಎರಡನೆಯ ಬಾಲ್ದಿಗೆ ಬಸಿಯಿರಿ. ಕೊಲ್ಲುವ ಶಕ್ತಿ ಇರುವುದು ತಿಳಿಯಲ್ಲಿ. ಮಕ್ಕಳು ಬೆಳ್ಳಗಿನ ಮಡ್ಡಿಯನ್ನೇ ‘ಸ್ಟ್ರಾಂಗ್’ ಎಂದುಕೊಳ್ಳುವುದು ಸಹಜ; ಅದು ನೆಲದ ಮೇಲೆ ಬಿಳಿ ಕಲೆ ಬಿಡುವ ಸುಣ್ಣ ಅಷ್ಟೇ ಎಂದು ತೋರಿಸಿ.

5. ಲೇಬಲ್ ಅಂಟಿಸಿ: ‘ಬ್ಲೀಚಿಂಗ್ ದ್ರಾವಣ, ಶೇ. 0.1, ಕುಡಿಯಬಾರದು’, ಮಾಡಿದ ದಿನ, ಗಂಟೆ, ಮಾಡಿದವರ ಹೆಸರು. 24 ಗಂಟೆ ಕಳೆದ ಮೇಲೆ ಇದನ್ನು ಬಳಸಬಾರದು.

ಕುಡಿಯುವ ನೀರಿನ ಬಾಟಲಿಗೋ ತಂಪು ಪಾನೀಯದ ಬಾಟಲಿಗೋ ಈ ತಿಳಿಯನ್ನು ತುಂಬಿಡುವ ಅಭ್ಯಾಸ ಮನೆಗಳಲ್ಲಿ ಇದೆ. ತಿಳಿ ನೋಡಲು ಥೇಟ್ ನೀರಿನಂತೆಯೇ ಇರುತ್ತದೆ. ಬಾಯಾರಿ ಓಡಿಬಂದ ಮಗು ಲೇಬಲ್ ಓದುವುದಿಲ್ಲ. ಈ ಒಂದು ವಿಷಯದಲ್ಲಿ ಎಷ್ಟು ಕಟ್ಟುನಿಟ್ಟಾದರೂ ಕಡಿಮೆಯೇ.

ನೀರು ಕೆಂಪಾದರೆ? ನಮ್ಮ ಮುರಕಲ್ಲಿನ ನೆಲದಲ್ಲಿ, ಮುಖ್ಯವಾಗಿ ಕೊಳವೆಬಾವಿಗಳಲ್ಲಿ, ಕಬ್ಬಿಣದ ಅಂಶ ಇರುವ ನೀರು ಅಪರೂಪವಲ್ಲ. ತೆಗೆದಾಗ ತಿಳಿಯಾಗಿದ್ದ ನೀರು ಪುಡಿ ಸೇರಿದೊಡನೆ ಚಹಾ ಬಣ್ಣಕ್ಕೆ ತಿರುಗುತ್ತದೆ. ಕ್ಲೋರಿನ್ ಆ ಕಬ್ಬಿಣವನ್ನು ತುಕ್ಕು ಹಿಡಿಸುವುದರಲ್ಲೇ ಖರ್ಚಾಗುತ್ತಿದೆ ಎಂದರ್ಥ. ಅಂಥ ನೀರನ್ನು ಹಿಂದಿನ ದಿನವೇ ಹಿಡಿದು ತೆರೆದಿಟ್ಟು, ಕೆಂಪು ತಳಕ್ಕಿಳಿದ ಮೇಲೆ ಮೇಲಿನದನ್ನು ಬಳಸಿ. ಮಳೆಗಾಲದಲ್ಲಾದರೆ ಮಾಡಿನಿಂದ ಇಳಿಯುವ ನೀರು ಹಿಡಿದರಾಯಿತು. ಮೊದಲ ಹತ್ತು ನಿಮಿಷದ್ದು ಬಿಟ್ಟು.

ಶಾಯಿ ಮತ್ತು ಮಣ್ಣಿನ ಪ್ರಯೋಗ

ಇಡೀ ಪಾಠದಲ್ಲಿ ಒಂದನ್ನೇ ಮಾಡಲು ಸಮಯ ಇದೆ ಎಂದಾದರೆ ಇದನ್ನು ಮಾಡಿ. ಮೂರು ಗಾಜಿನ ಲೋಟ ತೆಗೆದುಕೊಳ್ಳಿ. ಮೊದಲನೆಯದಕ್ಕೆ ಇವತ್ತು ಮಾಡಿದ ತಿಳಿ 50 ಮಿಲಿ. ಎರಡನೆಯದಕ್ಕೂ ಅದೇ 50 ಮಿಲಿ, ಜೊತೆಗೆ ಅಂಗಳದ ಮಣ್ಣು ಒಂದು ಚಮಚ ಮತ್ತು ಹಟ್ಟಿಯ ಒಣಗಿದ ಸೆಗಣಿ ಪುಡಿ ಒಂದು ಚಮಚ. ಮೂರನೆಯದಕ್ಕೆ ಮೂರು ದಿನ ಹಿಂದೆ ಮಾಡಿ, ಮುಚ್ಚಳವಿಲ್ಲದೆ ಬಿಸಿಲಿಗೆ ಇಟ್ಟ ತಿಳಿ 50 ಮಿಲಿ. ಮೂರನ್ನೂ ತಿರುವಿ ಹತ್ತು ನಿಮಿಷ ಬಿಟ್ಟು, ಎರಡನೆಯದನ್ನು ಬಟ್ಟೆಯಲ್ಲಿ ಸೋಸಿ. ಈಗ ಪೆನ್ನಿನ ನೀಲಿ ಶಾಯಿಯನ್ನು ಡ್ರಾಪರಿನಿಂದ ಒಂದೊಂದೇ ಹನಿ ಹಾಕುತ್ತ, ಪ್ರತಿ ಹನಿಯ ನಂತರ ತಿರುವುತ್ತ, ನೀಲಿ ಒಂದು ನಿಮಿಷವಾದರೂ ಮಾಸದೆ ನಿಲ್ಲುವವರೆಗೆ ಹನಿಗಳನ್ನು ಎಣಿಸಿ.

ಮೊದಲ ಲೋಟ ಹನಿಯ ಮೇಲೆ ಹನಿ ನುಂಗುತ್ತದೆ. ಸೆಗಣಿ ಬಿದ್ದ ಲೋಟ ಅದಕ್ಕಿಂತ ಬಹಳ ಬೇಗ ಸೋಲುತ್ತದೆ. ದ್ರಾವಣ ಅದೇ, ಅಳತೆ ಅದೇ. ಹಾಗಾದರೆ ಕ್ಲೋರಿನ್ ಎಲ್ಲಿ ಹೋಯಿತು ಎಂದು ಮಕ್ಕಳನ್ನೇ ಕೇಳಿ, ಅವರು ಹೇಳುವವರೆಗೆ ಕಾಯಿರಿ. ಕೊಳೆಯ ಸಾವಯವ ವಸ್ತುವನ್ನು ಸುಡುವುದರಲ್ಲೇ ಅದು ಮುಗಿದುಹೋಗಿದೆ. ರೋಗಾಣುವಿನ ಪಾಲಿಗೆ ಉಳಿದದ್ದು ಸ್ವಲ್ಪ. ತೊಳೆಯದ ಶೌಚಾಲಯಕ್ಕೆ ಸುರಿದ ಬ್ಲೀಚಿಂಗ್‌ಗೆ ಆಗುವುದೂ ಇದೇ. ಮೂರನೆಯ ಲೋಟ ಲೇಬಲ್ಲಿನ ಮೇಲೆ ದಿನಾಂಕ ಯಾಕೆ ಬೇಕು ಎಂಬುದಕ್ಕೆ ಉತ್ತರ ಕೊಡುತ್ತದೆ.

ಈ ಪ್ರಯೋಗ ಹೋಲಿಕೆಗೆ ಮಾತ್ರ; ಇಷ್ಟು ಹನಿ ಎಂದರೆ ಇಷ್ಟು ಶೇಕಡಾ ಎಂದು ಇದರಿಂದ ಹೇಳಲಾಗದು. ಮೂರೂ ಲೋಟಕ್ಕೆ ಒಂದೇ ಬಾಟಲಿಯ ಶಾಯಿ, ಒಂದೇ ಡ್ರಾಪರ್ ಇರಲಿ. ಸಾಮಾನ್ಯ ಫೌಂಟನ್ ಪೆನ್ನಿನ ನೀಲಿಯೇ ಬೇಕು. ಅಳಿಯದ ಕಪ್ಪು ಶಾಯಿ ತಂದರೆ ಯಾವ ಲೋಟದಲ್ಲೂ ಬಣ್ಣ ಮಾಸದೆ ಪ್ರಯೋಗ ಕೆಡುತ್ತದೆ.

ಬಳಸುವುದು

ಮಣ್ಣು, ಕಸ ಗುಡಿಸಿ, ಸಾಬೂನು ನೀರು ಹಾಕಿ ಉಜ್ಜಿ, ಬರೀ ನೀರಿನಿಂದ ತೊಳೆದ ಮೇಲೆಯೇ ತಿಳಿ. ಜಾಗ ಹತ್ತು ನಿಮಿಷ ಒದ್ದೆಯಾಗಿಯೇ ಇರಬೇಕು. ಮಳೆಗಾಲದಲ್ಲಿ ಇದು ಕಷ್ಟವಲ್ಲ, ಏಪ್ರಿಲ್ ಸೆಕೆಯಲ್ಲಿ ಮೂರು ನಿಮಿಷಕ್ಕೇ ಒಣಗುತ್ತದೆ, ಮತ್ತೆ ಒರೆಸಬೇಕು. ಸ್ಪ್ರೇ ಬಾಟಲಿಗಿಂತ ಬಟ್ಟೆ ಮೇಲು. ಸ್ಪ್ರೇ ಮಾಡಿದರೆ ಸಣ್ಣ ಹನಿಗಳು ಮೂಗಿಗೆ, ಕಣ್ಣಿಗೆ ಹೋಗುತ್ತವೆ, ಮೇಲ್ಮೈ ಪೂರ್ತಿ ಒದ್ದೆಯೂ ಆಗುವುದಿಲ್ಲ.

ಬಾಗಿಲ ಚಿಲಕ, ನಲ್ಲಿ, ಕಿಟಕಿಯ ಸರಳು ಲೋಹದವು. ಹತ್ತು ನಿಮಿಷವಾದ ಮೇಲೆ ನೀರಿನ ಬಟ್ಟೆಯಿಂದ ಒರೆಸದಿದ್ದರೆ ತುಕ್ಕು ಖಂಡಿತ; ಮೊದಲೇ ಉಪ್ಪುಗಾಳಿಯ ಊರು. ರೆಡ್ ಆಕ್ಸೈಡ್ ನೆಲದ ಹೊಳಪು ಮಂಕಾಗುತ್ತದೆ, ಅಲ್ಲಿಯೂ ಕೊನೆಗೆ ನೀರಿನಲ್ಲಿ ಒರೆಸಿ. ಸೆಗಣಿ ಸಾರಿಸಿದ ಅಂಗಳಕ್ಕೆ ಹಾಕುವುದು ಪೂರ್ತಿ ವ್ಯರ್ಥ. ಕಾರಣವನ್ನು ಎರಡನೆಯ ಲೋಟ ಆಗಲೇ ಹೇಳಿದೆ. ಬಿಸಿಯೂಟದ ಪಾತ್ರೆ, ತರಕಾರಿ, ಮೈ, ಕೈ ಯಾವುದಕ್ಕೂ ಈ ತಿಳಿ ಬೇಡ. ಪಾತ್ರೆಗೆ ಸಾಬೂನು ಮತ್ತು ಕುದಿನೀರು, ಕೈಗೆ ಸಾಬೂನು. ಸೊಳ್ಳೆಮರಿಗಳಿಗೆ ಇದೇ ಮದ್ದು ಎಂದು ಭಾವಿಸಿ ಚರಂಡಿಗೆ ಸುರಿಯುವುದೂ ಬೇಡ. ಮಲೇರಿಯಾ, ಡೆಂಗ್ಯೂ ತಡೆಯಲು ನಿಂತ ನೀರು ಚೆಲ್ಲಬೇಕು.

ತರಗತಿಯಲ್ಲಿ ಮಗು ವಾಂತಿ ಮಾಡಿದರೆ ಉಳಿದ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆದು, ಕೈಗವಸು ಮತ್ತು ಮಾಸ್ಕ್ ಹಾಕಿದ ದೊಡ್ಡವರು ಮೊದಲು ಮರಳನ್ನೋ ಹಳೆಯ ಕಾಗದವನ್ನೋ ಹರಡಿ ಹೀರಿಸಿ ತೆಗೆಯಬೇಕು. ಜಾಗವನ್ನು ಸಾಬೂನು ನೀರಿನಲ್ಲಿ ತೊಳೆದು, ಶೇ. 0.5ರ ತಿಳಿಯನ್ನು ಕಲೆಯ ಸುತ್ತ ಎರಡು ಮಾರು ದೂರದವರೆಗೆ ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಬೇಕು. ವಾಂತಿಯ ಮೇಲೆಯೇ ಬ್ಲೀಚಿಂಗ್ ಪೌಡರ್ ಉದುರಿಸುವುದು ರೂಢಿಯಲ್ಲಿದೆ. ಹೊಟ್ಟೆಯ ಆಮ್ಲ ತಾಗಿದರೆ ಘಾಟು ಎದ್ದು ಇನ್ನಿಬ್ಬರು ಕೆಮ್ಮುವಂತಾಗುತ್ತದೆ.

ಜೊತೆಗೆ ಸೇರಬಾರದ್ದು

ಆಮ್ಲ ತಾಗಿದರೆ ಬ್ಲೀಚಿಂಗ್‌ನಿಂದ ಕ್ಲೋರಿನ್ ಅನಿಲ ಹೊರಬರುತ್ತದೆ. ಶ್ವಾಸಕೋಶವನ್ನೇ ಸುಡುವ ಅನಿಲ ಅದು. ಶೌಚಾಲಯಕ್ಕೆ ಹಾಕುವ ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಹೆಚ್ಚಿನವು ಆಮ್ಲವೇ, ಅಂಗಡಿಯ ‘ಆ್ಯಸಿಡ್’ ಬಾಟಲಿಯಂತೂ ಹೆಸರೇ ಹೇಳುತ್ತದೆ. ‘ಎರಡೂ ಹಾಕಿದರೆ ಇನ್ನೂ ಚೆನ್ನಾಗಿ ಹೋಗುತ್ತದೆ’ ಎಂಬ ಯೋಚನೆಯೇ ಮನೆಗಳಲ್ಲಿ ಆಗುವ ಅಪಘಾತಕ್ಕೆ ಕಾರಣ. ನಮ್ಮ ಹಿತ್ತಲಿನ ಬಿಂಬುಳಿ, ಹುಣಸೆಹುಳಿ, ನಿಂಬೆ, ವಿನೆಗರ್ ಇವನ್ನೂ ಪಟ್ಟಿಗೆ ಸೇರಿಸಿ. ಬಿಂಬುಳಿ ಉಜ್ಜಿ ಕಲೆ ತೆಗೆದ ಜಾಗವನ್ನು ನೀರಿನಲ್ಲಿ ಚೆನ್ನಾಗಿ ತೊಳೆಯದೆ ತಿಳಿ ಹಾಕಬೇಡಿ.

ಎರಡನೆಯದು ಮೂತ್ರ. ಹಳೆಯ ಮೂತ್ರದಲ್ಲಿ ಅಮೋನಿಯಾ ಇರುತ್ತದೆ. ಅದರ ಜೊತೆ ಸೇರಿದಾಗ ಹುಟ್ಟುವ ಕ್ಲೋರಮಿನ್ ಕಣ್ಣು, ಗಂಟಲು ಉರಿಸುತ್ತದೆ. ಹುಡುಗರ ಮೂತ್ರಾಲಯದಲ್ಲಿ ಬ್ಲೀಚಿಂಗ್ ಹಾಕಿದಾಗ ಕಣ್ಣಲ್ಲಿ ನೀರು ಬರುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ. ಧಾರಾಳ ನೀರು ಹೊಯ್ದು ತೊಳೆದ ಮೇಲೆ ಹಾಕಿದರೆ ಆ ತೊಂದರೆ ಬಹಳ ಕಡಿಮೆ. ಫಿನೈಲ್ ಜೊತೆಗೂ ಬೆರೆಸಬೇಡಿ. ಒಂದು ದಿನ ಅದು, ಒಂದು ದಿನ ಇದು ಎಂದು ಮಾಡಬಹುದು, ಒಂದೇ ಬಾಲ್ದಿಯಲ್ಲಿ ಮಾತ್ರ ಬೇಡ.

ಘಾಟು ಎದ್ದರೆ ಎಲ್ಲರೂ ಬಯಲಿಗೆ ಬರಬೇಕು, ಉಸಿರಾಟದ ತೊಂದರೆ ಕಂಡರೆ ಆಸ್ಪತ್ರೆಗೆ. ಕಣ್ಣಿಗೆ ಸಿಡಿದರೆ ರೆಪ್ಪೆ ಬಿಡಿಸಿ, ಕನಿಷ್ಠ 15 ನಿಮಿಷ ಗಡಿಯಾರ ನೋಡಿಕೊಂಡು ನೀರು ಹಾಯಿಸಿ, ಆಮೇಲೆ ವೈದ್ಯರಲ್ಲಿಗೆ. ಮೊದಲು ನೀರು, ಆಮೇಲೆ ರಿಕ್ಷಾ. ಮೈಗೆ ಬಿದ್ದರೆ ಬಟ್ಟೆ ತೆಗೆದು ತೊಳೆಯಿರಿ. ನುಂಗಿದರೆ ವಾಂತಿ ಮಾಡಿಸಬಾರದು, ಬಂದ ದಾರಿಯನ್ನೇ ಅದು ಮತ್ತೊಮ್ಮೆ ಸುಡುತ್ತದೆ. ಹುಣಸೆ ನೀರು, ಮಜ್ಜಿಗೆ ಎಂದು ಮನೆಮದ್ದು ಕೊಡದೆ ಬಾಯಿ ಮುಕ್ಕಳಿಸಿ 108ಕ್ಕೆ ಕರೆ ಮಾಡಿ, ಪ್ಯಾಕೆಟ್ಟನ್ನೂ ಜೊತೆಗೆ ಒಯ್ಯಿರಿ.

‘ಮನೆಯ ಬಾವಿಗೆ ಎಷ್ಟು ಹಾಕಬೇಕು ಟೀಚರ್?’

ಈ ಪ್ರಶ್ನೆ ಬಂದೇ ಬರುತ್ತದೆ, ಮನೆಗೊಂದು ಬಾವಿಯ ಊರುಗಳಲ್ಲಿ ಬರಲೇಬೇಕು. ಲೆಕ್ಕ ಬೇರೆಯೇ: ತಿಳಿಯಾದ ಬಾವಿನೀರಿಗೆ ಸಾವಿರ ಲೀಟರಿಗೆ ಒಳ್ಳೆಯ ಪುಡಿ ಸುಮಾರು 2.5 ಗ್ರಾಂ. ಎರಡು ಮೀಟರ್ ಅಗಲದ ದುಂಡು ಬಾವಿಯಲ್ಲಿ ಮೂರು ಮೀಟರ್ ನೀರಿದ್ದರೆ 3.14 × 2 × 2 × 3 ÷ 4, ಅಂದರೆ 9.42 ಘನ ಮೀಟರ್, 9,420 ಲೀಟರ್. ಬೇಕಾದ ಪುಡಿ ಸುಮಾರು 24 ಗ್ರಾಂ. ಒಂದು ಬಾಲ್ದಿ ನೆಲದ ದ್ರಾವಣಕ್ಕೆ 40 ಗ್ರಾಂ, ಇಡೀ ಬಾವಿಗೆ 24! ಬೋರ್ಡಿನ ಮೇಲೆ ಎರಡೂ ಸಂಖ್ಯೆಯನ್ನು ಅಕ್ಕಪಕ್ಕ ಬರೆದು ಸ್ವಲ್ಪ ಹೊತ್ತು ಬಿಡಿ. ನೆಲಕ್ಕೆ ಮಾಡಿದ ತಿಳಿಯನ್ನು ಬಾಯಿಗೆ ಯಾಕೆ ಹಾಕಬಾರದು, ಬಾವಿಗೆ ಅರ್ಧ ಕಿಲೋ ಸುರಿದರೆ ಯಾಕೆ ನೀರು ಕುಡಿಯಲಾಗುವುದಿಲ್ಲ ಎಂಬುದು ಆ ಎರಡು ಸಂಖ್ಯೆಯಲ್ಲೇ ಇದೆ. ಬಾವಿಗೂ ಹಾಕುವುದು ತಿಳಿಯನ್ನೇ. ಕೊಡಪಾನದಲ್ಲಿ ನೀರಿನಾಳಕ್ಕೆ ಇಳಿಸಿ ಮೇಲೆ ಕೆಳಗೆ ಎಳೆದು ಕದಡಬೇಕು, ಒಂದು ಗಂಟೆ ನೀರು ಸೇದಬಾರದು. ರಾತ್ರಿ ಹಾಕಿದರೆ ಅನುಕೂಲ. ಮಳೆನೀರು ನುಗ್ಗಿ ಕದಡಿದ ಬಾವಿಗೆ ಈ ಲೆಕ್ಕ ಸಾಲದು. ಅದಕ್ಕೆ ಆರೋಗ್ಯ ಇಲಾಖೆಯವರನ್ನು ಕರೆಯಬೇಕು, ಅಲ್ಲಿಯವರೆಗೆ ಕುದಿಸಿದ ನೀರೇ ಕುಡಿಯಬೇಕು.

ಸಂಜೆ

ಉಳಿದ ತಿಳಿಯನ್ನು ಅಡಿಕೆ ಮರದ ಬುಡಕ್ಕೋ ತೋಡಿಗೋ ಚೆಲ್ಲಬೇಡಿ. ತೊಳೆದ ಶೌಚಾಲಯದ ನೆಲಕ್ಕೆ ಬಳಸಿ ಮುಗಿಸುವುದು ಒಳ್ಳೆಯದು. ಆಗದಿದ್ದರೆ ಮಕ್ಕಳ, ದನಕರುಗಳ ಕೈಬಾಯಿಗೆ ಸಿಗದಲ್ಲಿ ತೆರೆದ ಬಾಲ್ದಿಯಲ್ಲಿ ಬಿಸಿಲಿಗಿಟ್ಟು, ನಾಲ್ಕಾರು ದಿನ ಕಳೆದು, ಶಾಯಿಯ ಹನಿ ಮಾಸದಿರುವುದನ್ನು ನೋಡಿಕೊಂಡು ಶೌಚದ ಗುಂಡಿಗೆ ಹಾಕಬಹುದು. ಗುಂಡಿಗೆ ಪುಡಿಯನ್ನೇ ಸುರಿಯುವ ಅಭ್ಯಾಸ ಬಿಡಬೇಕು. ಕಲ್ಮಶವನ್ನು ಕರಗಿಸುವ ಬ್ಯಾಕ್ಟೀರಿಯಾ ಅಲ್ಲಿ ಕೆಲಸ ಮಾಡುತ್ತಿರುತ್ತವೆ, ಅವು ಸತ್ತರೆ ಗುಂಡಿ ಬೇಗ ತುಂಬುತ್ತದೆ. ತಳದ ಮಡ್ಡಿಯನ್ನು ನೀರಿನಲ್ಲಿ ಎರಡು ಸಲ ತೊಳೆದು, ಮಕ್ಕಳು ಓಡಾಡದ ಮೂಲೆಯಲ್ಲಿ ಮಣ್ಣು ಮುಚ್ಚಿ.

ಕೈಗವಸನ್ನು ಕೈಯಲ್ಲಿದ್ದಾಗಲೇ ಸಾಬೂನಿನಿಂದ ತೊಳೆದು, ಒಳಗೆ ಮಗುಚಿ, ನೆರಳಲ್ಲಿ ಒಣಗಿಸಿ. ಬಾಲ್ದಿಯ ಮೇಲಿನ ಹಳೆಯ ಲೇಬಲ್ ಕಿತ್ತುಹಾಕಿ. ನಾಳೆಯ ದ್ರಾವಣಕ್ಕೆ ನಾಳೆಯ ದಿನಾಂಕ ಬರೆಯುವ ಮಗು ಯಾರೆಂದು ಇವತ್ತೇ ಲೆಕ್ಕದ ಪುಸ್ತಕದಲ್ಲಿ ಗುರುತು ಮಾಡಿಡಿ.